ಕಡಲ ಮೀನಿಗೆ ಸಿಹಿನೀರಿನ ಮಜ್ಜನ

ಆಳಂದದ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ತೆಲುಗು ನಾಡನ್ನು ಹಾದು ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನಮ್ಮ ಊರಿನ ನೀರಿಗೆ ಕಡಲಿನ ಮುಖ ಕಾಣಬೇಕಾದರೆ ಇಷ್ಟು ದೂರದ ಪಯಣವಾಗಬೇಕು. ಇಂಥ ಸೀಮೆಯಲ್ಲಿ ಕುಳಿತು ಕಡಲ ಮೀನಿನ ಆರೈಕೆಯ ಮಾತೆತ್ತಿದರೆ ವಾಚಕರು ನಕ್ಕಾರು. ಆದರೆ ಈಗ ಕಲಬುರಗಿಯಂಥ ಒಳನಾಡಿನ ನಗರಗಳಲ್ಲಿಯೂ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲ ಮೀನುಗಳನ್ನು ಸಾಕುವ ಹವ್ಯಾಸಿಗಳು ಉಂಟು. ಅಂಥ ಒಂದು ಮೀನು ನನ್ನ ಕೈಯಲ್ಲಿ ಸತ್ತಿತು. ಏಕೆ ಸತ್ತಿತೆಂಬುದನ್ನು ಹುಡುಕುತ್ತ ಹೋದಾಗ ತಿಳಿದುಬಂದದ್ದನ್ನು ಇಲ್ಲಿ ಹೇಳುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಲಬುರಗಿಯಲ್ಲಿ ಅಲಂಕಾರದ ಮೀನುಗಳ ಸಣ್ಣ ಅಂಗಡಿಯಿಟ್ಟಿದ್ದಾನೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಅವನಲ್ಲಿಗೆ ಹೋಗಿದ್ದೆ. ಅಂಗೈಯಗಲದ ಏಂಜಲ್ ಮೀನೊಂದು ತೊಟ್ಟಿಯ ಕಲ್ಲುಗಳಿಗೆ ಪಕ್ಕೆ ಉಜ್ಜಿಕೊಳ್ಳುತ್ತಿತ್ತು. ಕಣ್ಣಿಗೆ ಮಂಜು ಕವಿದಿತ್ತು. ಕಿವಿರುಗಳು ಏದುಸಿರಿನವರ ಎದೆಯಂತೆ ಬಡಿಯುತ್ತಿದ್ದವು. "ಮೈಮೇಲೆ ಹುಳ ಹತ್ತ್ಯಾವ್ರೀ ಸರ್. ಸಿಹಿನೀರಾಗ ಐದು ನಿಮಿಷ ಅದ್ದಿ ತೆಗೀಬೇಕು ಅಂತಾರ. ಮಾಡ್ಲೇನ್ರೀ?" ಎಂದು ಕೇಳಿದನು. ತರಗತಿಯಲ್ಲಿ ವರುಷ ವರುಷವೂ ಅಭಿಸರಣವನ್ನು ಪಾಠ ಹೇಳುವ ನನಗೆ ಈ ಉಪಾಯದ ತತ್ತ್ವ ಒಡನೆ ಹೊಳೆಯಿತು. "ಮಾಡು, ಆದರೆ ಶುದ್ಧವಾದ ನೀರು ತೆಗೆದುಕೋ" ಎಂದೆ. ಅಂಗಡಿಯಲ್ಲಿ ಅತ್ಯಂತ ಶುದ್ಧವಾದ ನೀರೆಂದರೆ ಕುಡಿಯಲು ತಂದು ಮಣ್ಣಿನ ಗಡಿಗೆಯಲ್ಲಿ ತುಂಬಿಟ್ಟಿದ್ದ ಆರ್‌ಓ ಘಟಕದ ನೀರು. ಅದನ್ನೇ ಬೋಗುಣಿಗೆ ಸುರಿದು ಮೀನನ್ನು ಬಿಟ್ಟೆವು. ಮೀನು ಒಮ್ಮೆ ಮೇಲಕ್ಕೆ ಚಿಮ್ಮಿ, ಪಕ್ಕಕ್ಕೆ ಹೊರಳಿ, ಬಾಯಿ ತೆರೆದುಕೊಂಡು ಮಲಗಿತು. ಎರಡನೆಯ ನಿಮಿಷದಲ್ಲಿ ಹೆದರಿ ಅದನ್ನು ತೊಟ್ಟಿಗೆ ಮರಳಿಸಿದೆವು. ಸಂಜೆಯೊಳಗೆ ಸತ್ತಿತು. ಬೋಗುಣಿಯ ತಳದಲ್ಲಿ ಅಕ್ಕಿಯ ನುಚ್ಚಿನಂಥ ಬಿಳಿಯ ಚೂರುಗಳು ಬಿದ್ದಿದ್ದವು. ಅವೇ ಹುಳುಗಳು. ಔಷಧ ಫಲಿಸಿತ್ತು, ರೋಗಿ ಉಳಿದಿರಲಿಲ್ಲ.

ಉಪ್ಪಿಲ್ಲದ ನೀರೇ ಮೀನನ್ನು ಕೊಂದಿತೆಂದು ಹುಡುಗನು ನಂಬಿದನು. ಈ ನಂಬಿಕೆ ಸರಿಯೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಮಾವಿನಕಾಯಿಯ ಹೋಳಿಗೆ ಉಪ್ಪು ಹಚ್ಚಿಟ್ಟರೆ ನೀರು ಬಿಟ್ಟುಕೊಂಡು ಸುಕ್ಕಾಗುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ನೀರಿಗೆ ದಾರಿ ಕೊಟ್ಟು, ಅದರಲ್ಲಿ ಕರಗಿದ ವಸ್ತುವನ್ನು ತಡೆಯುವ ಪೊರೆಯೊಂದು ನಡುವೆ ಇದ್ದರೆ, ನೀರು ತೆಳು ದ್ರಾವಣದ ಕಡೆಯಿಂದ ಗಟ್ಟಿ ದ್ರಾವಣದ ಕಡೆಗೆ ಹರಿಯುತ್ತದೆ. ಇದಕ್ಕೆ ಅಭಿಸರಣ, ಇಂಗ್ಲಿಷಿನವರ ಆಸ್ಮಾಸಿಸ್, ಎಂದು ಹೆಸರು. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ ಎಂಬಾತನು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶವನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ಆ ಪೊರೆ ಒಡೆಯುವಷ್ಟು ಉಬ್ಬಿ ನಿಂತಿತು. ಜರ್ಮನಿಯ ಪ್ಫೆಫರ್ 1877ರಲ್ಲಿ ಈ ಸೆಳೆತದ ಬಲವನ್ನು ಅಳೆದನು. ನೂರಕ್ಕೆ ಒಂದು ಪಾಲು ಸಕ್ಕರೆಯುಳ್ಳ ನೀರಿನಲ್ಲಿಯೇ ಅದು ವಾಯುಮಂಡಲದ ಒತ್ತಡದ ಮುಕ್ಕಾಲು ಪಾಲಿನ ಹತ್ತಿರಕ್ಕೆ ಬಂತು! ಮುಂದೆ ಹಾಲೆಂಡಿನ ವಾಂಟ್ ಹಾಫನು, ಕರಗಿದ ಕಣಗಳು ಈ ವಿಷಯದಲ್ಲಿ ಅನಿಲದ ಕಣಗಳಂತೆಯೇ ವರ್ತಿಸುತ್ತವೆಂದು ತೋರಿಸಿದನು. ರಸಾಯನ ವಿಜ್ಞಾನದ ಮೊತ್ತಮೊದಲ ನೊಬೆಲ್ ಪಾರಿತೋಷಕವು 1901ರಲ್ಲಿ ಆತನಿಗೆ ಸಂದಿತು. ಅನಿಲದ ಸೂತ್ರವನ್ನು ಬಲ್ಲ ಕಾಲೇಜು ವಿದ್ಯಾರ್ಥಿಗೆ ಹೀಗಾಗಿ ಮೀನಿನ ಲೆಕ್ಕವೂ ಬರುತ್ತದೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವು ಅಯಾನುಗಳಾಗಿ ಒಡೆದಾಗ ಕರಗಿದ ಕಣಗಳ ಮೊತ್ತ ಲೀಟರಿಗೆ ಹೆಚ್ಚುಕಡಿಮೆ ಒಂದು ಮೋಲ್. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದರ ಅಭಿಸರಣ ಒತ್ತಡ ಸುಮಾರು 25 ವಾಯುಮಾನ, ಅಂದರೆ 250 ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಒತ್ತುವಷ್ಟು. ಸಿಹಿನೀರಿನಲ್ಲಿ ಈ ಒತ್ತಡ ಸೊನ್ನೆಗೆ ಸಮೀಪ.

ಇನ್ನು ಮೀನಿನ ರಕ್ತ. ಕಡಲಿನಲ್ಲಿಯೇ ಹುಟ್ಟಿ ಬೆಳೆದ ಎಲುಬಿನ ಮೀನಿನ ರಕ್ತವು ಕಡಲಿನಷ್ಟು ಉಪ್ಪಾಗಿರುವುದಿಲ್ಲ. ಅದರ ಮೂರನೆಯ ಒಂದಂಶದಷ್ಟು ಮಾತ್ರ. ಒತ್ತಡದ ಲೆಕ್ಕದಲ್ಲಿ ಸುಮಾರು 8.5 ವಾಯುಮಾನ. ಆದಕಾರಣ ಕಡಲ ಮೀನು ನೀರಿನ ನಡುವೆ ಇದ್ದೂ ಬಾಯಾರಿದ ಪ್ರಾಣಿ. ಅದರ ದೇಹದ ನೀರು 16 ವಾಯುಮಾನಕ್ಕೂ ಮೀರಿದ ಸೆಳೆತದಿಂದ ಹಗಲಿರುಳೂ ಕಿವಿರುಗಳ ಮೂಲಕ ಹೊರಕ್ಕೆ ಸೋರುತ್ತಿರುತ್ತದೆ. ಈ ನಷ್ಟವನ್ನು ತುಂಬಲು ಮೀನು ಕಡಲ ನೀರನ್ನೇ ಕುಡಿಯುತ್ತದೆಂದು ಅಮೆರಿಕದ ಹೋಮರ್ ಸ್ಮಿತ್ 1930ರಲ್ಲಿ ತೋರಿಸಿದನು. ಕುಡಿದ ನೀರಿನೊಂದಿಗೆ ಒಳಹೊಕ್ಕ ಉಪ್ಪನ್ನು ಕಿವಿರಿನಲ್ಲಿರುವ ಕೆಲವು ವಿಶೇಷ ಜೀವಕೋಶಗಳು ಹೊರಕ್ಕೆ ತಳ್ಳುತ್ತವೆಂಬುದು ಅದರ ಒಂದೆರಡು ವರ್ಷಗಳಲ್ಲಿ ಏನ್ಸೆಲ್ ಕೀಸ್ ಮೊದಲಾದವರ ಪ್ರಯೋಗಗಳಿಂದ ತಿಳಿಯಿತು. ನಮ್ಮ ಭೀಮೆಯ ಮೀನುಗಳ ಪಾಡು ಇದಕ್ಕೆ ತೀರ ವಿರುದ್ಧ. ಅವುಗಳೊಳಕ್ಕೆ ನೀರು ತಾನಾಗಿ ನುಗ್ಗುತ್ತದೆ. ಅವು ನೀರು ಕುಡಿಯುವುದು ತೀರ ಕಡಮೆ. ತೆಳು ಮೂತ್ರವನ್ನು ಹೇರಳವಾಗಿ ವಿಸರ್ಜಿಸುತ್ತಲೇ ಇರುತ್ತವೆ.

ಈಗ ಕಡಲ ಮೀನನ್ನು ಸಿಹಿನೀರಿಗೆ ಬಿಡೋಣ. ಸೆಳೆತದ ದಿಕ್ಕು ತಿರುಗಿ ನೀರು ಒಳಕ್ಕೆ ಬರತೊಡಗುತ್ತದೆ, ಉಪ್ಪು ಹೊರಕ್ಕೆ ಜಾರುತ್ತದೆ. ಆದರೆ ಸೆಳೆತದ ಪ್ರಮಾಣವೆಷ್ಟು? ಎಂಟೂವರೆ ವಾಯುಮಾನ. ಅದು ತನ್ನ ಮನೆಯಲ್ಲಿಯೇ ನಿತ್ಯವೂ ಎದುರಿಸುವ ಸೆಳೆತದ ಅರ್ಧದಷ್ಟು! ಈ ಸಂಖ್ಯೆಯನ್ನು ಕಂಡಾಗ ನನಗೆ ನಿಜವಾಗಿಯೂ ಸೋಜಿಗವಾಯಿತು. ಹಾಗೆಂದು ಸಿಹಿನೀರು ಅದಕ್ಕೆ ನಿರಪಾಯವೆಂದಲ್ಲ. ಅದರ ದೇಹದ ಯಂತ್ರವೆಲ್ಲ ಉಪ್ಪನ್ನು ಹೊರಹಾಕುವ ದಿಕ್ಕಿಗೇ ಹೂಡಿರುವುದರಿಂದ ಗಂಟೆಗಟ್ಟಲೆ ಬಿಟ್ಟರೆ ರಕ್ತ ತೆಳುವಾಗಿ ಸಾಯುತ್ತದೆ. ಆದರೆ ನಾಲ್ಕೈದು ನಿಮಿಷಗಳಲ್ಲಿ ಕಿವಿರಿನ ಮೂಲಕ ಒಳಬರುವ ನೀರನ್ನು ಆರೋಗ್ಯವಂತ ಮೀನು ತಾಳಿಕೊಳ್ಳುತ್ತದೆ.

ಹುಳುವಿನ ಸ್ಥಿತಿ ಬೇರೆ. ಏಂಜಲ್ ಮೀನುಗಳನ್ನು ಹೆಚ್ಚಾಗಿ ಕಾಡುವುದು ನಿಯೊಬೆನಿಡೀನಿಯ ಎಂಬ ಚಪ್ಪಟೆ ಹುಳು. ನ್ಯೂಯಾರ್ಕಿನ ಮತ್ಸ್ಯಾಲಯದ ಮೀನುಗಳ ಮೇಲೆ ಕಂಡ ಈ ಜಾತಿಯ ಹುಳುವನ್ನು ವಿಜ್ಞಾನಿಗಳು 1927ರಲ್ಲಿ ವರ್ಣಿಸಿದರು. ಕೆಲವೇ ಮಿಲಿಮೀಟರ್ ಉದ್ದ. ಮೀನಿನ ಮೈಮೇಲಿರುವಾಗ ಗಾಜಿನಂತೆ ಪಾರದರ್ಶಕ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿನ ಕಡಲ ಅಕಶೇರುಕಗಳಂತೆ ಈ ಹುಳುಗಳೂ ತಮ್ಮ ಒಡಲ ರಸವನ್ನು ಕಡಲಿನಷ್ಟೇ ಗಟ್ಟಿಯಾಗಿಟ್ಟುಕೊಂಡು ಬಾಳುತ್ತವೆ. ಕಡಲಿನಲ್ಲಿ ಅವಕ್ಕೆ ಸೆಳೆತವೇ ಇಲ್ಲ, ಪಂಪು ನಡೆಸುವ ಶ್ರಮವೂ ಇಲ್ಲ. ಸುಖಜೀವನ. ಸಿಹಿನೀರಿಗೆ ಬಿದ್ದಾಗ ಈ ಸುಖವೇ ಮೃತ್ಯುವಾಗುತ್ತದೆ: 25 ವಾಯುಮಾನದ ಸೆಳೆತ ಒಮ್ಮೆಗೇ ಎರಗುತ್ತದೆ. ಜೊತೆಗೆ ಕಾಗದದಂಥ ಮೈ. ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಬಹಳ. ನೀರು ನಾಲ್ಕು ಕಡೆಯಿಂದಲೂ ನುಗ್ಗಿ ಜೀವಕೋಶಗಳು ಬಿರಿಯುತ್ತವೆ. ಬೆಂದ ಮೊಟ್ಟೆಯ ಲೋಳೆಯಂತೆ ಹುಳು ಬೆಳ್ಳಗಾಗಿ, ಹಿಡಿತ ಸಡಿಲಿ ಉದುರುತ್ತದೆ. ಹುಳು ಹತ್ತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೂ ಇದೇ ಮಜ್ಜನ ಒಳ್ಳೆಯ ಪರೀಕ್ಷೆ.

ಮನುಷ್ಯನು ಕಂಡುಹಿಡಿಯುವ ಮೊದಲೇ ಪ್ರಕೃತಿಯಲ್ಲಿ ಈ ಚಿಕಿತ್ಸೆ ನಡೆದಿತ್ತು. ಕಡಲಿನಿಂದ ನದಿಗೆ ಏರುವ ಸಾಲ್ಮನ್ ಮೀನಿನ ಮೈಮೇಲಿನ ಕಡಲ ಹೇನುಗಳು ಸಿಹಿನೀರಿನಲ್ಲಿ ಕೆಲವು ದಿನಗಳೊಳಗೆ ಉದುರಿಹೋಗುತ್ತವೆ. ಹೇನು ಇನ್ನೂ ಅಂಟಿರುವ ಮೀನು ಈಗತಾನೆ ಕಡಲಿನಿಂದ ಬಂದುದೆಂದು ಯೂರೋಪಿನ ಗಾಳಗಾರರು ಗುರುತಿಸುತ್ತಾರೆ. ಆಸ್ಟ್ರೇಲಿಯಕ್ಕೆ ಸೇರಿದ ಟಾಸ್ಮೇನಿಯ ದ್ವೀಪದಲ್ಲಿ ಸಾಕಿದ ಸಾಲ್ಮನ್ನಿಗೆ ಅಮೀಬದಿಂದ ಕಿವಿರುರೋಗ ಬಂದಾಗ ಎರಡು ಮೂರು ಗಂಟೆಗಳ ಕಾಲ ಸಿಹಿನೀರಿನಲ್ಲಿಟ್ಟು ಗುಣಪಡಿಸುತ್ತಾರೆ. ಸಾಲ್ಮನ್ ಎರಡೂ ನೀರನ್ನು ಬಲ್ಲ ಮೀನಾದುದರಿಂದ ಅಷ್ಟು ಹೊತ್ತು ತಾಳುತ್ತದೆ. ನಮ್ಮ ರಾಜ್ಯದ ಕಾರವಾರದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅಲ್ಲಿ ಕಡಲಿನಲ್ಲಿ ತೇಲುವ ಬಲೆಪಂಜರಗಳಲ್ಲಿ ಸೀಬಾಸ್, ಕೋಬಿಯಾ ಮೊದಲಾದ ಮೀನುಗಳನ್ನು ಬೆಳೆಸುತ್ತಾರೆ. ಇಂಥ ಪಂಜರದ ಮೀನುಗಳಿಗೂ ಇದೇ ಚಪ್ಪಟೆ ಹುಳುವಿನ ಕಾಟ ಉಂಟು. ಸಿಹಿನೀರಿನ ಸ್ನಾನ ಅದಕ್ಕೆ ಜಗತ್ತಿನಾದ್ಯಂತ ರೂಢಿಯಲ್ಲಿರುವ ಮದ್ದು. ಕಾಳಿ ನದಿಯ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿನೀರನ್ನೂ ಬೇಸಗೆಯಲ್ಲಿ ಉಪ್ಪುನೀರನ್ನೂ ಕಾಣುವ ಸೀಬಾಸಿಗೆ ಇದೇನೂ ಹೊಸದಲ್ಲ. ಹವಳದ ದಿಬ್ಬಗಳ ನಡುವೆ ಬಾಳಿದ ಏಂಜಲ್ ಮೀನು ಮಾತ್ರ ಹುಟ್ಟಿದಂದಿನಿಂದ ಉಪ್ಪಿನ ಪ್ರಮಾಣ ಬದಲಾದುದನ್ನೇ ಕಂಡರಿಯದು. ಅದಕ್ಕೆ ಎಚ್ಚರಿಕೆ ಹೆಚ್ಚು ಬೇಕು.

ಹಾಗಾದರೆ ನಮ್ಮ ಮೀನು ಸತ್ತುದೇಕೆ? ಉಪ್ಪಿನ ಲೆಕ್ಕ ನನ್ನನ್ನು ಬಿಡುಗಡೆ ಮಾಡಿತು, ಥರ್ಮಾಮೀಟರು ಹಿಡಿದುಹಾಕಿತು. ಸತ್ತ ಮೀನನ್ನು ಹೊರಗಿಟ್ಟ ಮೇಲೆ ಅಳೆದು ನೋಡಿದೆ. ತೊಟ್ಟಿಯ ನೀರು 28 ಡಿಗ್ರಿ, ಗಡಿಗೆಯ ನೀರು 23. ಬಿಸಿಲು ನಾಲ್ವತ್ತನ್ನು ದಾಟಿದಾಗಲೂ ಆವಿಯಾಗುವಿಕೆಯಿಂದ ತಂಪಾಗಿರುವುದೇ ಗಡಿಗೆಯ ಹೆಚ್ಚುಗಾರಿಕೆಯಷ್ಟೆ. ಮೀನಿಗೆ ನಮ್ಮಂತೆ ಬೆಚ್ಚನೆಯ ರಕ್ತವಿಲ್ಲ. ಅದರ ರಕ್ತವೆಲ್ಲ ಕ್ಷಣಕ್ಷಣವೂ ಕಿವಿರಿನ ತೆಳುಪೊರೆಯ ಮೂಲಕ ಹಾದು ಹೊರಗಿನ ನೀರಿನ ಉಷ್ಣತೆಗೆ ಇಳಿಯುತ್ತದೆ. ಐದು ಡಿಗ್ರಿಯ ಇಳಿತವನ್ನು ಒಂದೆರಡು ನಿಮಿಷದಲ್ಲಿ ಅದರ ಮೇಲೆ ಹೇರಿದ್ದೆವು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಆರ್‌ಓ ಎಂದರೆ ಹಿಮ್ಮುಖ ಅಭಿಸರಣ. ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಪಂಪಿನ ಒತ್ತಡದಿಂದ ನೀರನ್ನು ಪೊರೆಯ ಮೂಲಕ ಹಿಂಡಿ ಲವಣಗಳನ್ನು ಹಿಂದೆ ಬಿಡುತ್ತಾರೆ. ಲವಣಗಳೊಂದಿಗೆ ಬೈಕಾರ್ಬನೇಟೂ ಹೊರಟುಹೋಗುತ್ತದೆ. ಆಮ್ಲವನ್ನು ತಡೆದು ನಿಲ್ಲಿಸುವ ಶಕ್ತಿ ಅಂಥ ನೀರಿಗೆ ಇರುವುದಿಲ್ಲ. ಕರಗಿದ ಅಷ್ಟಿಷ್ಟು ಇಂಗಾಲದ ಡೈಆಕ್ಸೈಡೇ ಅದನ್ನು ಆಮ್ಲೀಯವಾಗಿಸಲು ಸಾಕು. ತೊಟ್ಟಿಯ ನೀರಿನ ಪಿಎಚ್ 8.2, ಗಡಿಗೆಯ ನೀರಿನದು 6.2. ಅಂತರ ಎರಡೇ ಎನ್ನಬೇಡಿ. ಪಿಎಚ್ ಎಂಬುದು ಲಾಗರಿದಮ್ಮಿನ ಅಳತೆ. ಹೈಡ್ರೊಜನ್ ಅಯಾನುಗಳ ಸಾಂದ್ರತೆ ನೂರು ಮಡಿ ಏರಿತ್ತು! ಮೂರನೆಯದಾಗಿ, ಕ್ಯಾನಿನಲ್ಲಿ ಮುಚ್ಚಿ ಗಡಿಗೆಯಲ್ಲಿ ನಿಂತ ಆ ನೀರಿಗೆ ಗಾಳಿಯಾಡಿಸಿರಲಿಲ್ಲ.

ನಾನು ಲೆಕ್ಕಿಸಿದ್ದು ಉಪ್ಪನ್ನು ಮಾತ್ರ. ಮೀನು ಉಪ್ಪಿನೊಂದಿಗೆ ಬಿಸಿಯನ್ನೂ ಕ್ಷಾರವನ್ನೂ ಉಸಿರನ್ನೂ ಒಟ್ಟಿಗೆ ಕಳೆದುಕೊಂಡಿತ್ತು. ಪ್ರಯೋಗಶಾಲೆಯಲ್ಲಿ ಒಂದು ರಾಶಿಯನ್ನು ಬದಲಿಸುವಾಗ ಮಿಕ್ಕವನ್ನೆಲ್ಲ ಸ್ಥಿರವಾಗಿಡಬೇಕೆಂದು ಮಕ್ಕಳಿಗೆ ಹೇಳುವವನು ನಾನೇ. ಸಿಹಿನೀರಿನ ಮಜ್ಜನವು ಸುರಕ್ಷಿತವಾಗಬೇಕಾದರೆ ಇದಕ್ಕಿಂತ ಬೇರೆ ಗುಟ್ಟಿಲ್ಲ. ಬೋಗುಣಿಯ ನೀರು ತೊಟ್ಟಿಯ ನೀರಿನಿಂದ ಉಪ್ಪೊಂದರಲ್ಲಿ ಮಾತ್ರ ಭಿನ್ನವಾಗಿರತಕ್ಕದ್ದು.

ಅದನ್ನು ಸಾಧಿಸುವುದು ಕಷ್ಟವಲ್ಲ. ನೀರನ್ನು ಹಿಂದಿನ ದಿನವೇ ತೆಗೆದಿಟ್ಟು ಗಾಳಿಯ ಪಂಪಿನಿಂದ ಇರುಳೆಲ್ಲ ಗುಳ್ಳೆಯಾಡಿಸಬೇಕು. ಹೀಗೆ ಮಾಡಿದಾಗ ಸಿಹಿನೀರು ಕಡಲ ನೀರಿಗಿಂತ ಸುಮಾರು ಐದನೆಯ ಒಂದು ಪಾಲು ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ, ಇದೊಂದು ಅನುಕೂಲ. ನಗರಸಭೆಯ ನಲ್ಲಿಯ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಹಿಂದೆ ಛಾಯಾಚಿತ್ರಗಾರರು ಬಳಸುತ್ತಿದ್ದ ಹೈಪೋ, ಎಂದರೆ ಸೋಡಿಯಂ ಥಯೊಸಲ್ಫೇಟ್, ಅದನ್ನು ಒಡನೆ ನಿರ್ಮೂಲಗೊಳಿಸುತ್ತದೆ. ಬೋಗುಣಿಯನ್ನು ತೊಟ್ಟಿಯ ಪಕ್ಕದಲ್ಲಿಯೇ ಇಟ್ಟು ಎರಡೂ ನೀರಿನ ಉಷ್ಣತೆಯನ್ನು ಒಂದೇ ಥರ್ಮಾಮೀಟರಿನಿಂದ ಅಳೆಯಬೇಕು. ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಸಲ್ಲದು. ಪಿಎಚ್ ಕಡಮೆಯಿದ್ದರೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಕದಡಿ ಅಳೆಯುತ್ತ ಹೋಗಬೇಕು. ಸೋಡಿಯಂ ಬೈಕಾರ್ಬನೇಟಿನ ಗುಣವೇನೆಂದರೆ, ಅದರ ದ್ರಾವಣ ತಾನಾಗಿಯೇ 8.3ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ಕಡಲಿನದೇ ಪಿಎಚ್. ಬಟ್ಟೆ ಒಗೆಯುವ ಸೋಡಾವನ್ನು ಮಾತ್ರ ಮರೆತೂ ಹಾಕಬಾರದು. ಅದು ಪಿಎಚ್ಚನ್ನು 11ರ ಕಡೆಗೆ ಏರಿಸಿ ಕಿವಿರನ್ನು ಸುಟ್ಟುಬಿಡುತ್ತದೆ.

ಇಲ್ಲಿ ನಮ್ಮ ಸೀಮೆಯ ಸವಳು ನೀರಿನ ಬಗ್ಗೆ ಒಂದು ಮಾತು. ಬೇಳೆ ಬೇಯದ, ಸಾಬೂನು ನೊರೆಯಾಗದ ಬಾವಿನೀರನ್ನು ಬಯ್ಯುತ್ತಲೇ ನಾವು ಬೆಳೆದವರು. ನಾಲಿಗೆಗೆ ಅದು ಸವಳಾದರೂ, ಲೀಟರಿಗೆ ಒಂದೆರಡು ಗ್ರಾಂ ಲವಣವುಳ್ಳ ಆ ನೀರು 35 ಗ್ರಾಮಿನ ಕಡಲಿನ ಮುಂದೆ ಸಿಹಿನೀರೇ. ಹುಳುವಿಗೆ ಈ ಭೇದ ತಿಳಿಯದು. ಮೀನಿಗೆ ಮಾತ್ರ ಅದರಿಂದ ಲಾಭವುಂಟು. ಕಪ್ಪುಕಲ್ಲಿನ ನೆಲದಿಂದ ಬಂದ ಗಡಸು ನೀರಿನಲ್ಲಿ ಬೈಕಾರ್ಬನೇಟು ಹೇರಳವಾಗಿರುವುದರಿಂದ ಇರುಳೆಲ್ಲ ಗಾಳಿಯಾಡಿಸಿದರೆ ಪಿಎಚ್ ತಾನಾಗಿಯೇ 8ನ್ನು ಮೀರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಕಿವಿರಿನ ಪೊರೆಯನ್ನು ಬಿಗಿಗೊಳಿಸಿ ಉಪ್ಪಿನ ಸೋರಿಕೆಯನ್ನು ತಗ್ಗಿಸುತ್ತದೆ. ಶುದ್ಧವೆಂದು ನಂಬಿ ನಾನು ಆರಿಸಿದ ನೀರಿಗಿಂತ ಹುಡುಗನ ಮನೆಯ ಹಿತ್ತಲ ಬಾವಿಯ ನೀರೇ ಲೇಸಾಗಿತ್ತು!

ಮಜ್ಜನದ ಹೊತ್ತಿನಲ್ಲಿ ಗಡಿಯಾರಕ್ಕಿಂತ ಮೀನನ್ನು ಹೆಚ್ಚು ನೋಡಬೇಕು. ಮೂರರಿಂದ ಐದು ನಿಮಿಷ ಸಾಮಾನ್ಯವಾದ ಅವಧಿ. ಮೊದಲ ನಿಮಿಷದಲ್ಲಿ ಮೀನು ಹೊಯ್ದಾಡಬಹುದು, ಪಕ್ಕಕ್ಕೆ ಒರಗಲೂಬಹುದು. ಕಿವಿರು ಕ್ರಮವಾಗಿ ಆಡುತ್ತಿದ್ದು, ಬೆರಳು ಸಮೀಪಿಸಿದಾಗ ಸರಿದುಕೊಂಡರೆ ಭಯವಿಲ್ಲ. ಒದ್ದಾಟ ನಿಲ್ಲದೆ ಹೋದರೆ, ಇಲ್ಲವೆ ಕಿವಿರಿನ ಆಟ ಕುಗ್ಗಿದರೆ, ಸಮಯವಾಗಲಿ ಬಿಡಲಿ ಕೂಡಲೆ ಉಪ್ಪುನೀರಿಗೆ ಮರಳಿಸಬೇಕು. ಆಗಲೇ ಸೋತು ಮಲಗಿದ ಮೀನನ್ನು ಅದ್ದುವುದೇ ತಪ್ಪು.

ತತ್ತ್ವ ತಿಳಿದವರಿಗೆ ಈ ಚಿಕಿತ್ಸೆಯ ಮಿತಿಯೂ ತಿಳಿಯುತ್ತದೆ. ಸೀಗಡಿ, ನಕ್ಷತ್ರಮೀನು, ಕಡಲ ಹೂವುಗಳನ್ನು ಅದ್ದಿದರೆ ಹುಳುವಿನ ಗತಿಯೇ ಅವಕ್ಕೂ. ಶಾರ್ಕ್, ತೊರಕೆಗಳು ಮೀನುಗಳಾದರೂ ರಕ್ತದಲ್ಲಿ ಯೂರಿಯವನ್ನು ತುಂಬಿಕೊಂಡು ಕಡಲಿನೊಂದಿಗೆ ಸರಿದೂಗುತ್ತವೆ. ಆದ್ದರಿಂದ ಅವಕ್ಕೂ ಈ ಮಜ್ಜನ ಸಲ್ಲದು. ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಜೀವಿಯಿಂದ ಬರುವ ಬಿಳಿಚುಕ್ಕೆಯ ರೋಗಕ್ಕೆ ಇದನ್ನು ಮಾಡಿ ನಿರಾಶರಾಗುವವರು ಬಹಳ. ಆ ಜೀವಿ ಮೀನಿನ ಚರ್ಮದ ಹೊರಪದರದ ಕೆಳಗೆ ಹುದುಗಿರುತ್ತದೆ. ಮೀನಿನ ಒಡಲೇ ಅದಕ್ಕೆ ಕೋಟೆ, ಹೊರಗಿನ ನೀರು ತಾಗದು. ಚಪ್ಪಟೆ ಹುಳುವಿನಲ್ಲಿಯೂ ಮೊಟ್ಟೆಗಳು ಗಟ್ಟಿಕವಚದವು. ನೂಲಿನಂಥ ಬಾಲದಿಂದ ತೊಟ್ಟಿಯ ಕಲ್ಲಿಗೂ ಬಲೆಗೂ ತೊಡರಿಕೊಂಡು ಬೆಚ್ಚನೆಯ ನೀರಿನಲ್ಲಿ ವಾರದ ಸುಮಾರಿಗೆ ಮರಿಯಾಗುತ್ತವೆ. ಅದ್ದಿ ತೆಗೆದ ಮೀನನ್ನು ಅದೇ ತೊಟ್ಟಿಗೆ ಬಿಟ್ಟರೆ ಮತ್ತೆ ಹತ್ತುವುದು ನಿಶ್ಚಯ. ಬೇರೆ ತೊಟ್ಟಿಗೆ ಬಿಟ್ಟು, ವಾರ ಕಳೆದ ಮೇಲೆ ಮತ್ತೆ ಅದ್ದಿ ನೋಡಬೇಕು.

ಮುಂದಿನ ಚಳಿಗಾಲದಲ್ಲಿ ಹುಡುಗನಿಂದ ಫೋನು ಬಂತು. ಇನ್ನೊಂದು ಏಂಜಲ್ ಮೀನು, ಅದೇ ಲಕ್ಷಣಗಳು. ಮೊದಲಿನದರ ಬೆಲೆಯನ್ನು ಅವನು ಗಿರಾಕಿಗೆ ತನ್ನ ಕೈಯಿಂದಲೇ ಕೊಟ್ಟಿದ್ದನೆಂದು ನನಗೆ ಆಗ ತಿಳಿಯಿತು. ಕಾಲೇಜಿನ ಥರ್ಮಾಮೀಟರನ್ನೂ ಪಿಎಚ್ ಮಾಪಕವನ್ನೂ ಹಿಡಿದುಕೊಂಡು ಭಾನುವಾರ ಹೋದೆ. ಬಾವಿಯ ನೀರು ಹಿಂದಿನ ಸಂಜೆಯಿಂದ ಗುಳ್ಳೆಯಾಡುತ್ತಿತ್ತು. ಚಳಿಗೆ ತಣ್ಣಗಾಗಿದ್ದ ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ತೊಟ್ಟಿಯ 27 ಡಿಗ್ರಿಗೆ ತಂದೆವು. ಪಿಎಚ್ 8.1. ಮೀನು ಅರ್ಧ ನಿಮಿಷ ಓಲಾಡಿ ನೇರವಾಗಿ ನಿಂತಿತು. ಎರಡನೆಯ ನಿಮಿಷಕ್ಕೆ ಅದರ ಕಣ್ಣಿನ ಮೇಲೆ ಬಿಳಿಯ ಮಚ್ಚೆಯೊಂದು ಮೂಡಿತು, ನೋಡುತ್ತಿದ್ದಂತೆಯೇ ಕಳಚಿ ಬಿತ್ತು. ನಾಲ್ಕೂವರೆ ನಿಮಿಷಕ್ಕೆ ಮೀನನ್ನು ಹೊಸ ತೊಟ್ಟಿಗೆ ಬಿಟ್ಟು ಎಣಿಸಿದಾಗ ಬೋಗುಣಿಯ ತಳದಲ್ಲಿ 31 ಹುಳುಗಳಿದ್ದವು. ವಾರದ ತರುವಾಯ ಅದ್ದಿದಾಗ ಎರಡು. ಮೂರನೆಯ ಸಲ ಒಂದೂ ಬೀಳಲಿಲ್ಲ.